‘ಹೋಗಿ’ಗೂ ‘ಬಾ’ಗೂ ನಡುವೆ ಒಂದು ಚಿಟಿಕೆ

ನಾವೆಲ್ಲ ಮನೆ ಬಿಡುವಾಗ ‘ಹೋಗ್ತೀನಿ’ ಅನ್ನುವುದಿಲ್ಲ, ‘ಹೋಗಿ ಬರ್ತೀನಿ’ ಅನ್ನುತ್ತೇವೆ. ಮರೆತು ಯಾರಾದರೂ ಬರೀ ‘ಹೋಗ್ತೀನಿ’ ಅಂದುಬಿಟ್ಟರೆ ಒಳಗಿನಿಂದ ಯಾರಾದರೊಬ್ಬರು ‘ಬರ್ತೀನಿ ಅನ್ನು’ ಎಂದು ತಿದ್ದುತ್ತಾರೆ. ತಿದ್ದಿಸಿಕೊಂಡವರು ನಕ್ಕು, ಹಾಗೇ ಹೇಳಿ, ಚಪ್ಪಲಿ ಮೆಟ್ಟಿ ಇಳಿಯುತ್ತಾರೆ. ನಮ್ಮಲ್ಲಿ ಅದೊಂದು ಮರ್ಯಾದೆ, ಅಷ್ಟೆ. ಆದರೆ ನಾನು ಹೇಳಹೊರಟಿರುವ ಊರಿನಲ್ಲಿ ಅದು ಮರ್ಯಾದೆಯಾಗಿರಲಿಲ್ಲ. ನೀರು ತಗ್ಗಿಗೆ ಹರಿಯುತ್ತದಲ್ಲ, ಬೆಂಕಿ ಸುಡುತ್ತದಲ್ಲ, ಆ ಜಾತಿಯ ನಿಯಮವಾಗಿತ್ತು.

ಆ ಊರಿನ ಗಡಿಯಲ್ಲಿ ಒಂದು ಚಪ್ಪಟೆ ಕಲ್ಲು. ಕಲ್ಲಿನ ಈಚೆ ಊರು, ಆಚೆ ಬಯಲು. ‘ಹೋಗಿ ಬಾ’ ಅನ್ನಿಸಿಕೊಂಡು ಕಲ್ಲು ದಾಟಿದವನು ಎಷ್ಟು ದೂರ ಹೋದರೂ ಅವನ ಕಾಲಿಗೆ ಊರಿನ ದಾರಿ ಗೊತ್ತಿರುತ್ತಿತ್ತು. ಕತ್ತಲಾಗಲಿ, ಮಂಜು ಕವಿಯಲಿ, ‘ಬಾ’ ಅನ್ನುವ ಮಾತು ಅವನನ್ನು ಮೂಗುದಾರ ಹಾಕಿ ಎಳೆದಂತೆ ಎಳೆದು ತರುತ್ತಿತ್ತು. ಬರೀ ‘ಹೋಗು’ ಅನ್ನಿಸಿಕೊಂಡು ದಾಟಿದವನು ತಿರುಗಿ ನೋಡಿದರೆ ಊರೇ ಇಲ್ಲ. ಕಲ್ಲೂ ಇಲ್ಲ. ಕುರುಚಲು ಗಿಡಗಳ ಬಯಲು. ಈಚೆಯವರಿಗೆ ಅವನು ಕಾಣುತ್ತಾನೆ, ಅವನ ಮಾತು ಕೇಳುತ್ತದೆ. ಅವನಿಗೆ ಈಚೆಯದು ಏನೂ ಕಾಣದು, ಏನೂ ಕೇಳದು. ಕೈ ಚಾಚಿದರೆ ಮುಟ್ಟುವಷ್ಟು ಹತ್ತಿರ ಬಂದು ಹಾಗೇ ಹಾದು ಹೋಗುತ್ತಾನೆ. ಈಚೆಯಿಂದ ಚಾಚಿದ ಕೈ ಗಾಳಿಯನ್ನಷ್ಟೇ ಹಿಡಿಯುತ್ತದೆ.

ಇಷ್ಟು ಗೊತ್ತಿದ್ದೂ ಅಲ್ಲಿ ಯಾರಾದರೂ ಯಾರಿಗಾದರೂ ಬರೀ ‘ಹೋಗು’ ಅಂದಾರೆಯೇ ಅಂತೀರಿ? ಸಿಟ್ಟು ಸ್ವಾಮೀ, ಸಿಟ್ಟು. ಅತ್ತೆ ಸೊಸೆಗೆ ಅಂದಳು, ಅಣ್ಣ ತಮ್ಮನಿಗೆ ಅಂದ, ಅಂದ ಮೇಲೆ ಅಂದವರಿಬ್ಬರೂ ಕಲ್ಲಿನ ಮೇಲೆ ಕೂತು ಅತ್ತರು. ಅದಕ್ಕೇ ಊರಿನ ಹಿರಿಯರು ಕೂಡಿ ಕಳಿಸುವ ಮಾತನ್ನೇ ಎಲ್ಲರ ಬಾಯಿಂದ ತೆಗೆದು ಒಬ್ಬನ ಬಾಯಲ್ಲಿಟ್ಟರು. ಇನ್ನು ಮೇಲೆ ಕಲ್ಲಿನ ಹತ್ತಿರ ಅವನೊಬ್ಬನೇ ಆ ಮಾತು ಆಡತಕ್ಕದ್ದು. ಅವನನ್ನು ಕಳಿಸುವವನು ಎಂದು ಕರೆದರು. ತಂದೆಯಿಂದ ಮಗನಿಗೆ ಆ ಕೆಲಸ ಇಳಿದು ಬಂತು.

ನನ್ನ ಕತೆಯ ಕಳಿಸುವವನು ಆ ಸಾಲಿನಲ್ಲೇ ಹೆಸರಾದವನು. ಅವನು ಕಳಿಸುವ ರೀತಿ ನೋಡಬೇಕಿತ್ತು. ಹೊರಡುವವರು ಬಂದು ಕಲ್ಲಿನ ಮುಂದೆ ತಲೆ ಬಾಗಿ ನಿಲ್ಲುತ್ತಿದ್ದರು. ಅವನ ಹೆಂಡತಿ ತಾಮ್ರದ ಚೊಂಬಿನಲ್ಲಿ ನೀರು ತಂದುಕೊಡುತ್ತಿದ್ದಳು. ಅವನು ಒಂದು ಬೊಗಸೆ ನೀರನ್ನು ಕಲ್ಲಿನ ಮೇಲೆ ಸುರಿದು ‘ಹೋಗಿ’ ಅನ್ನುತ್ತಿದ್ದ. ಆಮೇಲೆ ಸುಮ್ಮನೆ. ನೀರು ಕಲ್ಲಿನ ಮೇಲೆ ಹರಡಿ, ಅಂಚಿಗೆ ಬಂದು, ಅಂಚಿನಲ್ಲಿ ಒಂದಿಷ್ಟು ಯೋಚನೆ ಮಾಡಿ, ಮಣ್ಣಿಗೆ ಇಳಿದು, ಮಣ್ಣು ಅದನ್ನು ಕುಡಿದು ಮುಗಿಸಬೇಕು. ಮುಗಿಸಿದ ಮೇಲೆ ‘ಬಾ’. ಹಿರಿಯರಾದರೆ ‘ಬನ್ನಿ’. ನೀರು ಇಳಿಯುವ ತನಕ ಅವನ ಕೈ ಅಲ್ಲಾಡುತ್ತಿರಲಿಲ್ಲ, ರೆಪ್ಪೆ ಅಲ್ಲಾಡುತ್ತಿರಲಿಲ್ಲ. ಮದುಮಗನೊಬ್ಬ ದಿಬ್ಬಣ ಹೊರಡಿಸಿಕೊಂಡು ಬಂದು, ಕಾಲು ಸುಟ್ಟ ಬೆಕ್ಕಿನ ಹಾಗೆ ಕುಣಿಯುತ್ತ, ಮಾವಾ ಮುಹೂರ್ತ ಮೀರುತ್ತೆ, ಬೇಗ ‘ಬಾ’ ಅಂದುಬಿಡಿ ಎಂದು ಗೋಗರೆದನಂತೆ. ಕಳಿಸುವವನು ಮಣ್ಣು ನೋಡುತ್ತಲೇ ನಿಂತ. ಎಲ್ಲ ಮುಗಿದ ಮೇಲೆ, ಮಣ್ಣಿಗೇ ಇಲ್ಲದ ಅವಸರ ನಿನಗೇನಪ್ಪ, ಹುಡುಗಿ ಅಲ್ಲೇ ಇರ್ತಾಳೆ, ಅಂದನಂತೆ. ದಿಬ್ಬಣವೆಲ್ಲ ನಕ್ಕಿತು.

ಆ ಸುಮ್ಮನಿರುವಿಕೆಯಲ್ಲಿ ಎಷ್ಟೋ ಕೆಲಸವಾಗುತ್ತಿತ್ತು. ಮುನಿಸಿಕೊಂಡು ಹೊರಟವನು ನೀರು ಅಂಚಿಗೆ ಬರುವಷ್ಟರಲ್ಲಿ ತಾನು ಯಾಕೆ ಹೊರಟೆನೆಂಬುದನ್ನೇ ಮರೆಯುತ್ತಿದ್ದ. ನೀರು ಇಳಿಯುವ ಮೊದಲೇ ಗಂಟು ಹೊತ್ತು ಮನೆಗೆ ತಿರುಗಿದವರು ಬೇಕಾದಷ್ಟು ಜನ. ಊರು ಕೂತಿದ್ದುದು ಕಲ್ಲಿನ ಮೇಲಲ್ಲ, ಆ ನೀರಿನ ಹೊತ್ತಿನ ಮೇಲೆ.

ಹೀಗಿರುವಾಗ ನಶ್ಯದವನು ಬಂದ. ಎಲ್ಲಿಂದ ಬಂದನೋ ಯಾರೂ ಕೇಳಲಿಲ್ಲ. ಕಲ್ಲಿನ ಈಚೆ ಒಂದು ಹುಣಸೆಮರ. ಅದರ ನೆರಳಿನಲ್ಲಿ ಗೋಣಿತಾಟು ಹಾಸಿ, ಹೊಗೆಸೊಪ್ಪು ಹುರಿದು, ಕಲ್ಲಿನಲ್ಲಿ ಅರೆದು, ತುಪ್ಪ ಸುಣ್ಣ ಬೆರೆಸಿ ಪುಡಿ ಮಾಡಿಕೊಂಡು ಕೂತ. ಬಾಯಿ ಭಾರಿ ಸಿಹಿ. ದಿನವೆಲ್ಲ ನಿಂತು ನಿಂತು ಮಣ್ಣು ನೋಡುವ ಕಳಿಸುವವನ ಮೇಲೆ ಅವನಿಗೆ ಕನಿಕರ ಹುಟ್ಟಿತು.

“ಯಜಮಾನ್ರೇ, ಒಂದು ಚಿಟಿಕೆ ತಗೊಳ್ಳಿ. ಚಿಟಿಕೆ ಹೊಡೆಯೋದ್ರಲ್ಲಿ ಕಾಯೋ ಹೊತ್ತು ಕಳೆದುಹೋಗ್ತದೆ.”

ನಮ್ಮ ಭಾಷೆಯ ಚಮತ್ಕಾರ ನೋಡಿ. ಎರಡು ಬೆರಳು ಕೂಡಿ ಹಿಡಿದರೂ ಚಿಟಿಕೆ, ಅವೇ ಎರಡು ಬೆರಳು ಕೂಡಿ ಜಾರಿದರೂ ಚಿಟಿಕೆ. ಹಿಡಿಯುವುದಕ್ಕೂ ಜಾರುವುದಕ್ಕೂ ಒಂದೇ ಹೆಸರು. ಕಳಿಸುವವನು ಇದನ್ನೆಲ್ಲ ಯೋಚಿಸಲಿಲ್ಲ. ದಾಕ್ಷಿಣ್ಯಕ್ಕೆ ಒಂದು ಚಿಟಿಕೆ ಏರಿಸಿದ. ಕಣ್ಣಲ್ಲಿ ನೀರು ಬಂತು, ಸೀನು ಬಂತು, ಸೀನಿದ ಮೇಲೆ ತಲೆಯೊಳಗೆ ಯಾರೋ ಕಿಟಕಿ ತೆರೆದಂತಾಯಿತು.

ಅವನ ಹಿಂದೆ ಊರೂ ಏರಿಸಿತು. ಆಗ ಒಂದು ಫಜೀತಿಯಾಯಿತು. ಹೊರಡುವಾಗ ಯಾರಾದರೂ ಒಂಟಿ ಸೀನು ಸೀನಿದರೆ ಕೂತು, ನೀರು ಕುಡಿದು, ಆಮೇಲೆ ಏಳುವುದು ನಮ್ಮಲ್ಲಿರುವಂತೆ ಅಲ್ಲೂ ಇತ್ತು. ಈಗ ಬೀದಿಗೊಬ್ಬ ಸೀನುತ್ತಾನೆ. ಎತ್ತು ಹೂಡಿದವನು ಇಳಿದು ಕೂರುತ್ತಾನೆ, ಬುಟ್ಟಿ ಹೊತ್ತವಳು ಬುಟ್ಟಿ ಇಳಿಸುತ್ತಾಳೆ, ಕ್ಷೌರಿಕ ಅರ್ಧ ಗಡ್ಡ ಕೆರೆದು ಕತ್ತಿ ಮಡಿಸುತ್ತಾನೆ. ಊರಿಗೆ ಊರೇ ಕೂತಲ್ಲಿ ಕೂತು ನೀರು ಕುಡಿಯಿತು. ಕೊನೆಗೆ ಬೇಸತ್ತು, ಇದು ನಶ್ಯದ ಸೀನು, ಶಕುನದ್ದಲ್ಲ ಎಂದು ಎಲ್ಲರೂ ನಡೆಯತೊಡಗಿದರು. ಆಮೇಲೆ ಶಕುನದ ಸೀನಿಗೂ ಯಾರೂ ಕೂರಲಿಲ್ಲ. ಇನ್ನೂ ಸ್ವಲ್ಪ ದಿನಕ್ಕೆ ಮೂಗುಗಳು ಪಳಗಿ ಸೀನುವುದನ್ನೇ ಬಿಟ್ಟವು. ಊರಲ್ಲಿ ನಿಲ್ಲು ಅನ್ನುವ ಸದ್ದು ಒಂದು ಕಡಿಮೆಯಾಯಿತು.

ಕಳಿಸುವವನು ಮೊದಮೊದಲು ಎಲ್ಲರನ್ನೂ ಕಳಿಸಿ ಮುಗಿಸಿದ ಮೇಲೆ ನಶ್ಯ ಏರಿಸುತ್ತಿದ್ದ. ಆಮೇಲೆ ಒಬ್ಬರನ್ನು ಕಳಿಸಿ ಇನ್ನೊಬ್ಬರು ಬರುವ ನಡುವೆ. ಆಮೇಲೆ ‘ಹೋಗಿ’ಗೂ ‘ಬಾ’ಗೂ ನಡುವೆ. ಬೊಗಸೆಯ ನೀರು ಅರೆಬೊಗಸೆಯಾಯಿತು, ಅರೆಬೊಗಸೆ ಅಂಗೈಯಾಯಿತು, ಕೊನೆಗೆ ಬೆರಳು ಅದ್ದಿ ಕೊಡವಿದಷ್ಟು. ಜನ ಬೇಸರಪಡಲಿಲ್ಲ. ಬೇಗ ಆಗ್ತದಲ್ಲ ಅಂದರು. ಹೇಗೋ ಏನೋ, ‘ಬಾ’ ಮಾತ್ರ ತಪ್ಪುತ್ತಿರಲಿಲ್ಲ. ಹೋದವರು ಬರುತ್ತಲೇ ಇದ್ದರು.

ಮನೆಯಲ್ಲಿ ಮಾತ್ರ ಅವನು ಬೇರೆಯವನಾಗುತ್ತಿದ್ದ. ಅನ್ನ ಬಡಿಸುವುದು ಒಂದಿಷ್ಟು ತಡವಾದರೆ ತಟ್ಟೆ ತಳ್ಳುತ್ತಿದ್ದ, ತಳ್ಳಿದ ಮರುಗಳಿಗೆ ತಾನೇ ಅಗುಳು ಆರಿಸುತ್ತಿದ್ದ. ಹಾದಿಹೋಕನೊಬ್ಬ ಚೆನ್ನಾಗಿದೆ ಅಂದನೆಂದು ಹೆಗಲ ಕಂಬಳಿ ತೆಗೆದು ಕೊಟ್ಟುಬಿಟ್ಟ. ಸಂಜೆ ಚಳಿಗೆ ನಡುಗುತ್ತ ಕೂತ. ಮನೆಯ ಕರುವನ್ನು ಮಾತಿನ ಭರದಲ್ಲಿ ಇಬ್ಬರಿಗೆ ಕೊಡುತ್ತೇನೆಂದು ಇಬ್ಬರ ಕೈಲೂ ಬೈಸಿಕೊಂಡ. ಎಲ್ಲದಕ್ಕೂ ಆಮೇಲೆ ಮರುಗುತ್ತಿದ್ದ, ಆ ಮರುಕ ಸುಳ್ಳಲ್ಲ. ಮರುಗುವುದಕ್ಕೂ ಒಂದು ಚಿಟಿಕೆ ಬೇಕಾಗುತ್ತಿತ್ತು, ಅಷ್ಟೆ.

ಮಗಳು ತಮಾಷೆ ಮಾಡುತ್ತಿದ್ದಳು. ಅವಳು ಬೆಳೆದ ಹುಡುಗಿ, ತಾಯಿಯ ಹಾಗೆ ನಿಧಾನಿ, ತಂದೆಯ ಹಾಗೆ ಮಾತುಗಾತಿ. “ಅಪ್ಪಾ, ನಿನ್ನ ಕೈ ನಿನಗಿಂತ ಮುಂಚೆ ಎದ್ದಿರ್ತದೆ ನೋಡು. ನೀನು ಹಾಸಿಗೆ ಬಿಡೋದ್ರೊಳಗೆ ಅದು ಡಬ್ಬಿ ಹುಡುಕ್ಕೊಂಡು ಬಂದಿರ್ತದೆ.” ಅವನೂ ನಗುತ್ತಿದ್ದ. ಹೆಂಡತಿ ನಗುತ್ತಿರಲಿಲ್ಲ. ಚೊಂಬಿನಲ್ಲಿ ನೀರು ಮಿಕ್ಕುತ್ತಿದ್ದುದು ಅವಳಿಗೆ ಗೊತ್ತಿತ್ತು.

ಮಗಳ ಗೆಳತಿಯೊಬ್ಬಳನ್ನು ಬಯಲಿನಾಚೆಯ ಹಳ್ಳಿಗೆ ಕೊಟ್ಟಿತ್ತು. ಅವಳಿಗೆ ದಿನ ತುಂಬಿದ್ದವು. ಹೆರಿಗೆಗೆ ಜೊತೆಗಿದ್ದು ಬರುತ್ತೇನೆಂದು ಮಗಳು ಹೊರಟಳು. ಬೆಳಗ್ಗೆ ಗಂಟು ಕಟ್ಟಿ, ಮಡಿಲಲ್ಲಿ ಮಗುವಿಗೆ ಹೊಲಿದ ಕುಲಾವಿ ಇಟ್ಟುಕೊಂಡು, ಎಲ್ಲರ ಹಾಗೆ ಬಂದು ಕಲ್ಲಿನ ಮುಂದೆ ತಲೆ ಬಾಗಿ ನಿಂತಳು. ತಾಯಿ ಚೊಂಬು ತುಂಬಿ ತಂದಳು. ಮಗಳೆಂದು ಅವನು ಆ ದಿನ ಹಳೆಯ ಕಾಲದ ಹಾಗೆ ತುಂಬು ಬೊಗಸೆ ನೀರು ಸುರಿದ. ‘ಹೋಗಿ’ ಅಂದ.

ನೀರು ಹರಡಿತು. ಅವನ ಕೈ ಸೊಂಟದ ಡಬ್ಬಿಗೆ ಹೋಯಿತು. ಡಬ್ಬಿ ಬರಿದಾಗಿತ್ತು.

ಹುಣಸೆಮರದ ಕಡೆ ನೋಡಿದ. ನಶ್ಯದವನು ಎದ್ದು ಗೋಣಿತಾಟು ಕೊಡವುತ್ತಿದ್ದ. ನೀರು ಅಂಚಿಗೆ ಬರುತ್ತಿತ್ತು. ನಶ್ಯದವನು ಪುಡಿಯ ಭರಣಿ ಕಂಕುಳಲ್ಲಿಟ್ಟ. ನೀರು ಅಂಚಿನಲ್ಲಿ ನಿಂತಿತು. ನಶ್ಯದವನು ಹೆಜ್ಜೆ ಎತ್ತಿದ. ಕಳಿಸುವವನಿಗೆ ಎದೆಯೊಳಗೆ ಇರುವೆ ಹರಿದಂತಾಯಿತು. ಇನ್ನು ಅವನು ಸಿಗುವುದಿಲ್ಲ, ಈ ಗಳಿಗೆ ಹೋದರೆ ಹೋಯಿತು.

ಮಗಳು ತಲೆ ತಗ್ಗಿಸಿಯೇ ಕೇಳಿದಳು, ಅಪ್ಪಾ, ಇಳೀತಾ?

“ಹೂಂ, ಆಯ್ತು, ಹೋಗು, ಹೋಗು,” ಅಂದವನೇ ಅವನು ಮರದ ಕಡೆ ಓಡಿದ.

ತಾಯಿ ಬಾಯಿ ತೆರೆಯುವ ಮೊದಲೇ ಮಗಳು ಕಲ್ಲು ದಾಟಿದ್ದಳು. ತಲೆ ತಗ್ಗಿಸಿದವಳಿಗೆ ಕೇಳಿದ್ದು ಅಪ್ಪನ ದನಿ ಮಾತ್ರ. ಅಪ್ಪನ ದನಿ ಎಂದೂ ತಪ್ಪಿದ್ದಿಲ್ಲ.

ನಶ್ಯದವನು ಊರು ಬಿಟ್ಟು ಹೊರಟಿರಲಿಲ್ಲ. ಬಿಸಿಲು ಬಂತೆಂದು ಮರದ ಆಚೆ ಮಗ್ಗುಲಿನ ನೆರಳಿಗೆ ತಾಟು ಹಾಸುತ್ತಿದ್ದ, ಅಷ್ಟೆ. ಓಡಿ ಬಂದವನನ್ನು ನೋಡಿ, ಏನು ಯಜಮಾನ್ರೇ, ನಾನೇನು ಓಡಿಹೋಗ್ತೀನಾ ಎಂದು ನಕ್ಕ. ಕಳಿಸುವವನು ಒಂದು ಚಿಟಿಕೆ ಏರಿಸಿದ. ತಲೆಯೊಳಗೆ ಕಿಟಕಿ ತೆರೆಯಿತು. ತೆರೆದ ಕಿಟಕಿಯಲ್ಲಿ ತಾನು ಏನು ಮಾಡಿದೆನೆಂಬುದು ಬಿಸಿಲಿನಷ್ಟು ಸ್ಪಷ್ಟವಾಗಿ ಕಂಡಿತು. ಕಲ್ಲಿನ ಹತ್ತಿರ ಓಡಿ ಬರುವಾಗ ಮಣ್ಣು ಕೊನೆಯ ಹನಿ ಕುಡಿಯುತ್ತಿತ್ತು. ಮಗಳು ಬಯಲಿನಲ್ಲಿ ಬೆನ್ನು ಮಾಡಿ ನಡೆಯುತ್ತಿದ್ದಳು.

ಹಿಂದೆಯೇ ಆಳುಗಳನ್ನು ಕಳಿಸಿದರು. ‘ಹೋಗಿ ಬನ್ನಿ’ ಅನ್ನಿಸಿಕೊಂಡು ಹೋದವರನ್ನು ‘ಬನ್ನಿ’ ಅನ್ನುವ ಮಾತು ಸಂಜೆಯೊಳಗೆ ಊರಿಗೇ ತಿರುಗಿಸಿ ತಂದಿತು. ಅವಳ ದಾರಿ ಅವರಿಗೆ ಸಿಗಲಿಲ್ಲ. ಪೂರಾ ಮಾತಿನವರಿಗೂ ಅರ್ಧ ಮಾತಿನವರಿಗೂ ಬಯಲು ಒಂದೇ, ದಾರಿ ಬೇರೆ.

ಗೆಳತಿಯ ಹೆರಿಗೆ ಮುಗಿಸಿ ಅವಳು ತಿರುಗಿ ಬಂದಳು. ಎಲ್ಲರೂ ನೋಡಿದರು. ಗಂಟಿನಲ್ಲಿ ಬಾಣಂತಿ ಮನೆಯವರು ಕಟ್ಟಿದ ಅಂಟಿನುಂಡೆ, ಮುಖದಲ್ಲಿ ಹೇಳಬೇಕಾದ ಸುದ್ದಿ. ಕಲ್ಲಿನ ತೀರ ಹತ್ತಿರ ಬಂದು ನಿಂತು ಸುತ್ತ ನೋಡಿದಳು. ದಾರಿ ತಪ್ಪಿತೇನೋ ಎಂದುಕೊಂಡು ಹಿಂದೆ ಹೋಗಿ ಮತ್ತೆ ಬಂದಳು. “ಅವ್ವಾ,” ಎಂದು ಕರೆದಳು. ತಾಯಿ ಈಚೆಯಿಂದ, ಇಲ್ಲೇ ಇದ್ದೀನಿ ಕಣೇ, ಇಲ್ಲೇ, ಎಂದು ಮತ್ತೆ ಮತ್ತೆ ಹೇಳಿದಳು. ಮಗಳು ಕೇಳಿಸಿಕೊಳ್ಳುವವಳ ಹಾಗೆ ಕತ್ತು ಓರೆ ಮಾಡಿ, ಏನೂ ಕೇಳಿಸದೆ, ಮುಂದೆ ಹೋದಳು. ಮರುದಿನವೂ ಬಂದಳು. ಅದರ ಮರುದಿನವೂ.

ಊರಿನ ಹಿರಿಯಜ್ಜಿಯನ್ನು ಎತ್ತಿಕೊಂಡು ಬಂದು ಕಲ್ಲಿನ ಹತ್ತಿರ ಕೂರಿಸಿದರು. ಇಂಥದ್ದನ್ನೆಲ್ಲ ಬಲ್ಲವಳು ಅವಳೊಬ್ಬಳೇ. ಅವಳು ಕಳಿಸುವವನ ಎದೆಗೆ ಕಿವಿ ಇಟ್ಟು ಕೇಳಿದಳು.

“ಇದೆ ಮಗಾ, ‘ಬಾ’ ಇನ್ನೂ ಒಳಗೇ ಇದೆ, ಕೆಟ್ಟಿಲ್ಲ. ಆದರೆ ನೀನು ಇವಳೊಬ್ಬಳ ಹೊತ್ತು ಕದ್ದಿಲ್ಲ. ಕಳಿಸಿದವರೆಲ್ಲರ ಹೊತ್ತಿನಲ್ಲೂ ಚೂರುಚೂರು ಮುರಿದುಕೊಂಡಿದ್ದೀಯ. ಅಷ್ಟನ್ನೂ ಕೂಡಿಸಿ ಕಾದು, ಆಮೇಲೆ ಅನ್ನಬೇಕು.”

ಸೂರ್ಯ ಹುಟ್ಟುವಾಗ ನೀರು ಸುರಿದು ನಿಲ್ಲಬೇಕು. ದೀಪ ಹಚ್ಚುವ ಹೊತ್ತಿಗೆ ‘ಬಾ’ ಅನ್ನಬೇಕು. ನಡುವೆ ಮೂಗಿಗೆ ಕೈ ಹೋಗಕೂಡದು, ಬಾಯಿಂದ ಮಾತು ಬರಕೂಡದು. ಇಷ್ಟೇ. ಕೇಳಿದವರೆಲ್ಲ, ಇಷ್ಟೇ ತಾನೇ ಅಂದರು. ಮಗಳಿಗಾಗಿ ಒಂದು ಹಗಲು ನಿಲ್ಲದ ತಂದೆ ಎಲ್ಲಿದ್ದಾನೆ? ಅಜ್ಜಿ ಮಾತ್ರ ತಲೆಯಾಡಿಸಿದಳು. ನಶ್ಯ ಕೊಡುವ ಸಮಾಧಾನ ನಶ್ಯವೇ ಕದ್ದಿಟ್ಟ ಸಮಾಧಾನ, ಆ ಕಳ್ಳನ ಹತ್ತಿರ ಬಿಡಿಸಿಕೊಳ್ಳೋದು ಸುಲಭವಲ್ಲ, ಅಂದಳು. ಅವಸರದವನಿಗೆ ನಶ್ಯ ಹಿಡಿಸಿತೋ, ನಶ್ಯ ಹಿಡಿದವನಿಗೆ ಅವಸರ ಬಂತೋ ಎಂದು ಯಾರೋ ಕೇಳಿದರು. ಬಳ್ಳಿ ಮರವನ್ನು ಸುತ್ತಿತೋ ಮರ ಬಳ್ಳಿಯನ್ನು ಕರೆಯಿತೋ, ಈಗ ಎರಡನ್ನೂ ಬಿಡಿಸೋರು ಯಾರು ಹೇಳು, ಎಂದು ಅಜ್ಜಿ ತಿರುಗಿ ಕೇಳಿದಳು.

ಅವನು ಡಬ್ಬಿಯನ್ನು ಬಾವಿಗೆ ಎಸೆದ. ಬೆಳಗಿನ ಜಾವ ಮಿಂದು ಬಂದು ನೀರು ಸುರಿದು ನಿಂತ. ಇಡೀ ಊರು ಉಸಿರು ಹಿಡಿದು ಸುತ್ತ ನಿಂತಿತು. ಬಿಸಿಲು ಏರುವ ತನಕ ನಿಂತ. ಮೈ ನಡುಗಿತು, ಹಣೆ ಬೆವರಿತು, ನಿಂತ. ಆಮೇಲೆ ಎಲ್ಲರೂ ನೋಡುತ್ತಿರುವಂತೆಯೇ ಅವನ ಬಲಗೈ ಎದ್ದು, ಪಕ್ಕದಲ್ಲಿ ನಿಂತಿದ್ದವನ ಬೆರಳ ಸಂದಿಯ ಚಿಟಿಕೆಯನ್ನು ಕಸಿದು ಮೂಗಿಗೇರಿಸಿತು. ಅವನ ಮುಖ ನೋಡಿದವರು ಆಮೇಲೆ ಹೇಳುತ್ತಿದ್ದರು: ಎಲ್ಲರಿಗಿಂತ ಹೆಚ್ಚು ಬೆಚ್ಚಿದವನು ಅವನೇ. ತನ್ನ ಕೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದ.

ನಾಳೆ ನೀರು ಸುರಿದೊಡನೆ ನನ್ನ ಕೈ ಕಟ್ಟು ಎಂದು ಹೆಂಡತಿಗೆ ಹೇಳಿದ. ಮರುದಿನ ಅವಳು ತನ್ನ ಹಳೆಯ ಸೀರೆ ಹರಿದು ಬೆನ್ನ ಹಿಂದೆ ಎರಡೂ ಕೈ ಬಿಗಿದಳು. ನಶ್ಯದವನನ್ನು ಊರಿನ ಮತ್ತೊಂದು ತುದಿಗೆ ಅಟ್ಟಿದರು. ಈ ಸಲ ಅವನು ನಿಂತ. ಮಧ್ಯಾಹ್ನ ಕಳೆಯಿತು. ನೆರಳು ಮೂಡಣಕ್ಕೆ ವಾಲಿತು. ಅವನು ತುಟಿ ಕಚ್ಚಿದ ಜಾಗದಲ್ಲಿ ರಕ್ತ ಒಣಗಿತ್ತು. ಹೆಂಡತಿ ದೀಪಕ್ಕೆ ಬತ್ತಿ ಹೊಸೆದು, ಎಣ್ಣೆ ಹಾಕಿ, ಹಚ್ಚದೆ ಹಿಡಿದು ನಿಂತಿದ್ದಳು.

ಆಗ ಮಗಳು ಬಂದಳು. ಬಟ್ಟೆ ಕೊಳೆಯಾಗಿತ್ತು, ಗಂಟು ತೆಳ್ಳಗಾಗಿತ್ತು. ಕಲ್ಲಿನ ಆಚೆ ಒಂದಿಷ್ಟು ಹೊತ್ತು ನಿಂತು, ಯಾರಿಗೋ ಹೇಳುವ ಹಾಗೆ ಹೇಳಿದಳು, “ಇಲ್ಲಿ ಊರಿರಲೇ ಇಲ್ಲವೇನೋ. ನನಗೇ ಹಾಗನ್ನಿಸಿರಬೇಕು.” ಹೇಳಿ, ಎಂದೂ ಹಿಡಿಯದ ದಿಕ್ಕು ಹಿಡಿದು ಹೊರಟಳು.

ಅವನಿಗೆ ಆ ಗಳಿಗೆ ನಶ್ಯದ ನೆನಪಿರಲಿಲ್ಲ. ಇದನ್ನು ನಾನು ಒತ್ತಿ ಹೇಳುತ್ತೇನೆ, ನಶ್ಯದ ನೆನಪೇ ಇರಲಿಲ್ಲ. ಮಗಳು ದೂರ ಹೋಗುತ್ತಿದ್ದಾಳೆ, ಈ ಗಳಿಗೆ ಹೋದರೆ ಹೋಯಿತು, ಎಂದಷ್ಟೇ ಇತ್ತು. ಆದರೆ ಎದೆಯೊಳಗೆ ಆ ಇರುವೆಗಳು ತಿದ್ದಿ ತೀಡಿ ಮಾಡಿಟ್ಟಿದ್ದ ಹಾದಿ ಒಂದೇ. ಅದೇ ಹಾದಿಯಲ್ಲಿ ಈಗ ಪ್ರೀತಿ ಓಡಿತು.

“ಬಾ, ಮಗಳೇ, ಬಾ, ಬಾ!”

ಸೂರ್ಯ ಇನ್ನೂ ಒಂದು ಅಂಗೈಯಗಲ ಮೇಲಿದ್ದ. ಮಗಳು ಒಮ್ಮೆ ನಿಂತಳು. ಕಾಲಿಗೆ ಮುಳ್ಳು ಚುಚ್ಚಿತೇನೋ ಎಂಬಂತೆ ಬಗ್ಗಿ ನೋಡಿಕೊಂಡಳು. ಆಮೇಲೆ ನಡೆದಳು. ಹಿರಿಯಜ್ಜಿ ಅವನ ಎದೆಗೆ ಕಿವಿ ಇಟ್ಟಳು, ತುಂಬ ಹೊತ್ತು ಇಟ್ಟಳು, ಒಳಗೆ ಇನ್ನೇನೂ ಇಲ್ಲ ಅಂದಳು.

ಅಂದಿನಿಂದ ಅವನ ಬಾಯಲ್ಲಿ ‘ಬಾ’ ಅನ್ನುವ ಮಾತು ಹುಟ್ಟಲಿಲ್ಲ. ಬಾಗಿಲು ಅನ್ನಲು ಹೋದರೆ ಗಿಲು ಅನ್ನುತ್ತಿದ್ದ. ಬೀದಿಯ ಪುಂಡರಿಗೆ ಅದೊಂದು ನಗೆ. ಹಿರಿಯರು ಸೇರಿ, ಚೊಂಬು ಹಿಡಿದವಳಿಗೇ ಮಾತನ್ನೂ ಕೊಟ್ಟರು. ಅವನ ಹೆಂಡತಿಯೇ ಕಲ್ಲಿನ ಬಳಿ ನಿಂತಳು, ತುಂಬು ಬೊಗಸೆ ನೀರು ಸುರಿದಳು, ಮಣ್ಣು ಕುಡಿದು ಮುಗಿಸುವ ತನಕ ಕಾದಳು. ಅವಸರದವರು ಗೊಣಗಿದರು. ಅವಳು ಕೇಳಿಸಿಕೊಳ್ಳಲಿಲ್ಲ.

ಒಂದು ದಿನ ಮುಂಜಾನೆ ಹೊರಡುವವರ ಸಾಲಿನಲ್ಲಿ ಅವಳ ಗಂಡನೂ ತಲೆ ಬಾಗಿ ನಿಂತಿದ್ದ. ಬಯಲಿನಲ್ಲಿ, ತೀರ ದೂರದಲ್ಲಿ, ಮಗಳ ಸೀರೆಯ ಬಣ್ಣ ಒಂದು ಚುಕ್ಕಿಯಷ್ಟು ಕಾಣುತ್ತಿತ್ತು.

“ನನಗೆ ಅರ್ಧ ಮಾತು ಸಾಕು ಕಣೇ,” ಅಂದ. “ಅವಳು ಇರೋ ಕಡೆಗೆ ಅದೊಂದೇ ದಾರಿ.”

ಹೆಂಡತಿ ಚೊಂಬು ಕೆಳಗಿಟ್ಟಳು. ನಿಮ್ಮನ್ನ ನಂಬೋದು ಹೇಗೆ, ಅಂದಳು. ಅಲ್ಲಿ ಹೋದ ಮೇಲೆ ಅವಳ ಕೈ ಬಿಟ್ಟು ಯಾವ ಮರದ ಕೆಳಗೆ ಯಾವ ನಶ್ಯದವನು ಕೂತಿದ್ದಾನೆ ಅಂತ ಹೊರಟುಬಿಟ್ಟರೆ? ಅವನು ಇಲ್ಲ ಅನ್ನಲಿಲ್ಲ. ಆಣೆ ಇಡಲಿಲ್ಲ. ಹೊರಟರೂ ಹೊರಡ್ತೀನೇನೋ, ಅಂದ. ಹೊರಟವನಿಗೆ ನಿಲ್ಲು ಅನ್ನೋಕೆ ಅವಳಿರ್ತಾಳೆ, ಈಗ ಅವಳಿಗೆ ಅನ್ನೋರು ಯಾರೂ ಇಲ್ಲ. ಅವನು ಯೋಚಿಸಿ ಆಡಿದ ಮಾತೆಂದು ಅವಳಿಗೆ ಗೊತ್ತಾಯಿತು. ಅಂಥ ಮಾತು ಅವನ ಬಾಯಿಂದ ಕೇಳಿ ಬಹಳ ಕಾಲವಾಗಿತ್ತು.

ಅವಳು ನೀರು ಸುರಿದಳು. “ಹೋಗು,” ಅಂದಳು.

ನೀರು ಹರಡಿತು. ಅಂಚಿಗೆ ಬಂತು. ಮಣ್ಣಿಗೆ ಇಳಿಯಿತು. ಮಣ್ಣು ಕುಡಿಯಿತು. ಕುಡಿದು ಮುಗಿಸಿದ ಮೇಲೂ ಅವನು ಅಲ್ಲಾಡದೆ ನಿಂತಿದ್ದ, ಅವಳೂ ನಿಂತಿದ್ದಳು. ಹುಟ್ಟಿದಾಗಿನಿಂದ ಆ ಹೊತ್ತಿಗೆ ಕೇಳುತ್ತ ಬಂದ ಮಾತು ಅಂದೂ ಅವಳ ಬಾಯಿಗೆ ಬಂತು. ಅದನ್ನು ಅವಳು ನುಂಗಿದಳು. ಗಂಟಲಲ್ಲಿ ಅದು ಇಳಿಯುವುದನ್ನು ಸಾಲಿನಲ್ಲಿ ನಿಂತವರು ಕಂಡರು.

ಅವನು ದಾಟಿದ. ದಾಟಿ ತಿರುಗಿ ನೋಡಿದ; ಅವನ ನೋಟ ಅವಳ ಮುಖದ ಮೇಲೆ ಬಿದ್ದು, ನಿಲ್ಲದೆ, ಹಿಂದಕ್ಕೆ ಹಾದುಹೋಯಿತು. ಆಮೇಲೆ ಓಡಿದ. ಸಂಜೆಯ ಹೊತ್ತಿಗೆ ಇಬ್ಬರೂ ಬಯಲು ದಾಟಿ, ಊರು ಇರಬೇಕಾಗಿದ್ದ ಜಾಗವನ್ನು ಹುಡುಕುತ್ತ ಬಂದರು. ಮಗಳು ಅವನ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಕಲ್ಲಿನ ಆಚೆಯೇ ನಿಂತರು, ಅಲ್ಲಿ ಕಲ್ಲಿದೆಯೆಂದು ಅವರಿಗೆ ಗೊತ್ತಿರಲಿಲ್ಲ. ಇಲ್ಲೇ ಎಲ್ಲೋ ಇತ್ತು ಎಂದು ಅವನು ಹೇಳುತ್ತಿದ್ದ.

“ಅವ್ವ?” ಎಂದು ಮಗಳು ಕೇಳಿದಳು.

ತಾಯಿ ಈಚೆ ಚೊಂಬು ಹಿಡಿದು ನಿಂತಿದ್ದಳು. ಹೊರಡುವವರ ಸಾಲು ಅವಳ ಹಿಂದೆ ಕಾಯುತ್ತಿತ್ತು. ಈ ಮಾತಿಗೆ ಅವನು ತಡೆದು ಉತ್ತರ ಕೊಡಲಿ ಎಂದು ಅವಳು ಬೇಡಿಕೊಂಡಳು.

“ಬರ್ತಾಳೆ” ಅನ್ನಲು ಅವನಿಗೆ ಬಾಯಿ ಬರಲಿಲ್ಲ. “ಈಗ, ಇನ್ನೇನು, ಹಿಂದೇನೇ ಇದ್ದಾಳೆ,” ಅಂದುಬಿಟ್ಟ.

ಮಗಳು ನಂಬಿದಳು. ಸೆರಗಿನಿಂದ ನೆಲದ ಧೂಳು ಗುಡಿಸಿ, ಅಪ್ಪನನ್ನು ಕೂರಿಸಿ, ನಡುವೆ ಅವ್ವನಿಗೆಂದು ಒಂದಿಷ್ಟು ಜಾಗ ಬಿಟ್ಟು, ತಾನು ಪಕ್ಕದಲ್ಲಿ ಕೂತಳು.